ಮುಚ್ಚಳದ ಉಸಿರು

ಹಳೆಯ ಕಾರು ಸಾಕಿಕೊಂಡವರ ಮನೆಗೆ ಹೋದರೆ ಅವರು ಮೊದಲು ಬಾನೆಟ್ ಎತ್ತಿ ತೋರಿಸುತ್ತಾರೆ. ಆಮೇಲೆ ಸೀಟು, ಸ್ಟೇರಿಂಗು, ಕ್ರೋಮಿಯಂ ಬಂಪರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ, ಬೋರಲು ಮಾಡಿ, ಅದರ ಒಳಮೈ ತೋರಿಸಿದವರನ್ನು ನಾನಿನ್ನೂ ಕಂಡಿಲ್ಲ. ನನ್ನ ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತದೆ. ಅಂಬಾಸಡರ್ ಇರಲಿ, ಪ್ರೀಮಿಯರ್ ಪದ್ಮಿನಿ ಇರಲಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಇರಲಿ, ಯಜಮಾನರು ತಮ್ಮ ಗಾಡಿಯನ್ನು ಎಷ್ಟು ಬಲ್ಲರು ಎಂಬುದು ಆ ಮುಚ್ಚಳದಲ್ಲೇ ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆ.

ಈ ನಂಬಿಕೆ ಬಂದದ್ದು ನಂಜನಗೂಡಿನ ಒಬ್ಬ ಹಿರಿಯ ಮೇಸ್ತ್ರಿಯಿಂದ. ದಾರಿಯಲ್ಲಿ ಕೆಟ್ಟು ನಿಂತು, ಹೇಗೋ ಅವರ ಶೆಡ್ಡಿನ ತನಕ ಬಂದ ಕಾರಿನವರನ್ನು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಬೇರೆ. ‘ಎಷ್ಟು ದೂರ ಬಂದ್ಮೇಲೆ ನಿಂತ್ಕೊಂಡ್ತು ಸಾ?’ ಎರಡನೆಯದು, ‘ನಿಂತ್ಮೇಲೆ ಎಷ್ಟೊತ್ತಿಗೆ ಮತ್ತೆ ಸ್ಟಾರ್ಟ್ ಆಯ್ತು?’ ಆಮೇಲೆ ಬಾನೆಟ್ಟಿನ ಕಡೆ ತಿರುಗಿಯೂ ನೋಡದೆ ಗಾಡಿಯ ಹಿಂದಕ್ಕೆ ನಡೆದು ಮುಚ್ಚಳಕ್ಕೆ ಕೈ ಹಾಕುವರು. ನಿಧಾನವಾಗಿ ತಿರುಗಿಸುವರು. ‘ಸುಯ್’ ಎಂದು ಗಾಳಿ ಒಳಕ್ಕೆ ನುಗ್ಗುವ ಸದ್ದು ಬಂದರೆ ತಲೆ ಎತ್ತಿ ಗಾಡಿಯವರ ಮುಖ ನೋಡುವರು. ‘ಇವ್ಳಿಗೆ ಉಸಿರು ಕಟ್ಟಿತ್ತು ಸಾ, ಅಷ್ಟೇಯ.’

ತಿ. ನರಸೀಪುರದಿಂದ ಹೊರಟ ಒಂದು ಹಳೆಯ ಅಂಬಾಸಡರನ್ನು ಕಣ್ಣಮುಂದೆ ತಂದುಕೊಳ್ಳಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟು. ಹತ್ತು ಹದಿನೈದು ಕಿಲೋಮೀಟರ್ ಸೊಗಸಾಗಿ ಓಡುತ್ತದೆ. ಆಮೇಲೆ ಎಕ್ಸಿಲರೇಟರ್ ಒತ್ತಿದರೆ ಜರ್ಕು. ಮಿಸ್ಸಿಂಗು. ಕೊನೆಗೆ ಯಾವುದೋ ಹುಣಸೆಮರದ ಕೆಳಗೆ ನಿಂತೇಬಿಡುತ್ತದೆ. ಡ್ರೈವರು ಇಳಿದು ಪ್ಲಗ್ಗು ಬಿಚ್ಚಿ ಉಜ್ಜುತ್ತಾನೆ, ಪಾಯಿಂಟಿಗೆ ಉಪ್ಪುಕಾಗದ ಹಾಕುತ್ತಾನೆ, ಕಂಡೆನ್ಸರ್ ಮೇಲೆ ಅನುಮಾನ ಪಡುತ್ತಾನೆ. ಅಷ್ಟು ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಕೀಲಿ ತಿರುಗಿಸಿದರೆ ಎಂಜಿನ್ ಎದ್ದೇಳುತ್ತದೆ. ಕೀರ್ತಿಯೆಲ್ಲ ಪ್ಲಗ್ಗಿಗೆ. ಇನ್ನೊಂದು ಹತ್ತು ಹದಿನೈದು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಮುಂದಿನ ವಾರ ಹೊಸ ಕಾಯಿಲು, ಅದರ ಮುಂದಿನ ವಾರ ಕಾರ್ಬೊರೇಟರ್ ಕಿಟ್ಟು, ಆಮೇಲೆ ಪೆಟ್ರೋಲು ಎಳೆಯುವ ಎ.ಸಿ. ಪಂಪು. ಯಾವುದೂ ಕೆಟ್ಟಿರಲಿಲ್ಲ. ಪ್ಲಗ್ಗು ಉಜ್ಜುತ್ತಿದ್ದ ಆ ಅರ್ಧ ಗಂಟೆಯಲ್ಲಿ ಟ್ಯಾಂಕಿನೊಳಕ್ಕೆ ಎಲ್ಲಿಂದಲೋ ಸಂದಿ ಹುಡುಕಿಕೊಂಡು ಸ್ವಲ್ಪ ಗಾಳಿ ಹೋಗಿತ್ತು, ಅಷ್ಟೆ. ಈ ಒಂದು ಕಾರಣಕ್ಕೆ ಎಷ್ಟು ಒಳ್ಳೆಯ ಗಾಡಿಗಳು ‘ಶನಿ’ ಎನಿಸಿಕೊಂಡು ಗುಜರಿ ಸೇರಿದವೋ ಎಂದು ನೆನೆದರೆ ನಿಜಕ್ಕೂ ಸಂಕಟವಾಗುತ್ತದೆ.

ವಿಷಯ ಬಲು ಸರಳ. ಕಿರಾಣಿ ಅಂಗಡಿಯವರು ಕಡಲೇಕಾಯಿ ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆಯುವುದಿಲ್ಲ, ಎರಡು ಹೊಡೆಯುತ್ತಾರೆ. ಒಂದರಲ್ಲಿ ಎಣ್ಣೆ ಬರಲು ಇನ್ನೊಂದರಲ್ಲಿ ಗಾಳಿ ಹೋಗಬೇಕು. ಟ್ಯಾಂಕಿಗೂ ಅದೇ ನ್ಯಾಯ. ಎಂಜಿನ್ ಕುಡಿದ ಒಂದೊಂದು ಲೀಟರ್ ಪೆಟ್ರೋಲಿಗೂ ಒಂದೊಂದು ಲೀಟರ್ ಗಾಳಿ ಒಳಗೆ ಬರಬೇಕು. ಹಳೆಯ ಕಾರುಗಳಲ್ಲಿ ಆ ಗಾಳಿಗೆ ಇದ್ದ ಬಾಗಿಲು ಮುಚ್ಚಳದಲ್ಲಿನ ಸೂಜಿಮೊನೆಯಂಥ ತೂತು, ಇಲ್ಲವೇ ಟ್ಯಾಂಕಿನ ನೆತ್ತಿಯಿಂದ ಹೊರಟ ಒಂದು ಸಣ್ಣ ಕೊಳವೆ. ಅದು ಕಟ್ಟಿಕೊಂಡರೆ ಒಳಗೆ ನಿರ್ವಾತ ಬೆಳೆಯುತ್ತ ಹೋಗುತ್ತದೆ. ಒಂದು ಹಂತದಲ್ಲಿ ಪಂಪಿನ ಡಯಾಫ್ರಾಮು ಎಷ್ಟು ಎಳೆದರೂ ಪೆಟ್ರೋಲು ಮೇಲೇಳುವುದಿಲ್ಲ.

ಆ ಎಳೆತದ ಬಲ ಕಡಿಮೆಯದಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ನೂರಕ್ಕೆ ಹತ್ತು ಪಾಲು ಕುಸಿಯಿತು ಎಂದುಕೊಳ್ಳಿ. 60 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಟ್ಯಾಂಕಿನ ನೆತ್ತಿಯ ಮೇಲೆ ಹೊರಗಿನ ಗಾಳಿ ಸುಮಾರು 300 ಕಿಲೋ ಭಾರ ಹೇರಿದಂತಾಯಿತು. ತಗಡಿನ ಟ್ಯಾಂಕು ಒಳಕ್ಕೆ ಬಾಗದೆ ಇನ್ನೇನು ಮಾಡೀತು? ಸೊಟ್ಟಗಾದ ಟ್ಯಾಂಕು ಕಂಡರೆ ಕಲ್ಲು ಬಡಿದಿರಬೇಕು ಎನ್ನುತ್ತೇವೆ. ಕಲ್ಲು ಬಡಿದರೆ ತಳ ನೆಗ್ಗುತ್ತದೆ. ನೆತ್ತಿ ನೆಗ್ಗಿದ್ದರೆ ಮುಚ್ಚಳ ನೋಡಿ.

ಆ ಮೇಸ್ತ್ರಿಯ ನಂಜನಗೂಡು, ಆ ಅಂಬಾಸಡರಿನ ತಿ. ನರಸೀಪುರ ಎರಡೂ ಒಂದೇ ಹೆದ್ದಾರಿಯ ಊರುಗಳು ಎಂಬುದು ಅಲ್ಲಿಯವರಲ್ಲೇ ಹಲವರಿಗೆ ಹೊಳೆದಿರುವುದಿಲ್ಲ. ಕೋಳಿಕ್ಕೋಡಿನಿಂದ ಹೊರಟ 766ನೇ ರಾಷ್ಟ್ರೀಯ ಹೆದ್ದಾರಿ ಬಂಡೀಪುರದ ಕಾಡು ಹಾದು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಮುಟ್ಟಿ, ಅಲ್ಲಿಂದ ತಿ. ನರಸೀಪುರದ ಮೇಲೆ ಕೊಳ್ಳೇಗಾಲ ಸೇರುತ್ತದೆ. ಕಪಿಲಾ ಹೊಳೆಗೆ ಇಷ್ಟು ಬಳಸುದಾರಿ ಬೇಡ. ನಂಜನಗೂಡಿನ ಶ್ರೀಕಂಠೇಶ್ವರನ ಪಾದದ ಬಳಿ ಹರಿದವಳು ಸುತ್ತೂರಿನ ಮಗ್ಗುಲಲ್ಲೇ ಸಾಗಿ ತಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಹಳೆಯ ಕಾರಿನಲ್ಲಿ ಹೋಗುವವರು ಹೆದ್ದಾರಿ ಬಿಟ್ಟು ಹೊಳೆಯ ಕಡೆಯ ರಸ್ತೆಗಳನ್ನೇ ಹಿಡಿಯಬೇಕು. ಕಬ್ಬು, ಭತ್ತ, ಬಾಳೆಯ ನಡುವೆ ನಲವತ್ತರ ವೇಗದಲ್ಲಿ ಹೋಗುವ ಅಂಬಾಸಡರಿನ ಸುಖ ಬೇರೆ. ನಂಜನಗೂಡಿನಲ್ಲಿ ಕಪಿಲೆಯ ಹಳೆಯ ಸೇತುವೆಯನ್ನೂ ನೋಡಿಕೊಂಡು ಹೋಗಬೇಕು. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ್ದು. ಎತ್ತಿನಗಾಡಿಗಳಿಗೆಂದು ಕಟ್ಟಿದ ಅದರ ಮೇಲೆ ಆಮೇಲಾಮೇಲೆ ರೈಲೂ ಓಡಿತು, ಮೋಟಾರೂ ಓಡಿತು.

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಹೇಳುವ ಮಾತೊಂದಿದೆ: ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರುವ ಆ ಸಂಗಮದಲ್ಲಿ 1989ರಿಂದ ಕುಂಭಮೇಳವೂ ನಡೆದುಬಂದಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು. ಇಂಥ ಜನಜಾತ್ರೆಯಲ್ಲಿ ಹೊಸ ಗಾಡಿಗಳ ನಡುವೆ ಒಂದೆರಡು ಪದ್ಮಿನಿ, ಒಂದು ಯೆಜ್ದಿ ಕಂಡರೆ ನನಗೆ ನೆಂಟರು ಸಿಕ್ಕಷ್ಟು ಹಿಗ್ಗು.

ಯೆಜ್ದಿ ಎಂದೆನಲ್ಲ, ಅದರ ಮಾತು ಆಡದೆ ಮುಂದೆ ಹೋಗಲಾರೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕು ಹೊರಬಂತು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ದಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ರೈತರು, ಮೇಷ್ಟ್ರುಗಳು, ರೇಷ್ಮೆಗೂಡಿನ ವ್ಯಾಪಾರಿಗಳು ಅದರ ಮೇಲೆ ಹೊತ್ತದ್ದಕ್ಕೆ ಲೆಕ್ಕವಿಲ್ಲ. ಯೆಜ್ದಿಗೆ ಪೆಟ್ರೋಲ್ ಪಂಪಿಲ್ಲ. ಟ್ಯಾಂಕು ಮೇಲೆ, ಕಾರ್ಬೊರೇಟರು ಕೆಳಗೆ, ನಡುವೆ ಒಂದು ಕಾಕು. ಪೆಟ್ರೋಲು ತನ್ನ ತೂಕದಿಂದಲೇ ಇಳಿಯಬೇಕು. ಇಳಿತ ಒಂದು ಗೇಣಿನಷ್ಟು. ಆದ್ದರಿಂದ ಟ್ಯಾಂಕಿನೊಳಗಿನ ಒತ್ತಡ ಹೊರಗಿನದಕ್ಕಿಂತ ನೂರಕ್ಕೆ ಎರಡು ಪಾಲು ಕಡಿಮೆಯಾದರೂ ಸಾಕು, ಪೆಟ್ರೋಲು ನಿಂತುಹೋಗುತ್ತದೆ. ಕಾರಿನ ಪಂಪು ಒಂದಷ್ಟು ದೂರ ಹೋರಾಡುತ್ತದೆ. ಬೈಕಿಗೆ ಆ ಶಕ್ತಿಯಿಲ್ಲ. ಮೇಲಾಗಿ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವುದು. ಮುಚ್ಚಳಕ್ಕೆ ತುಳುಕಿದ ಆಯಿಲಿಗೆ ರಸ್ತೆಯ ಧೂಳು ಅಂಟಿ, ಗಟ್ಟಿಯಾಗಿ, ತೂತಿನಲ್ಲಿ ಕೂರುತ್ತದೆ. ಹಳೆಯ ಯೆಜ್ದಿ ಸವಾರರು ಗಾಡಿ ನಿಂತ ಕೂಡಲೇ ಇಳಿಯದೆ, ಕೂತಲ್ಲೇ ಮುಚ್ಚಳ ಅರ್ಧ ತಿರುಗಿಸಿ ಮತ್ತೆ ಕಿಕ್ಕರ್ ಹೊಡೆಯುತ್ತಿದ್ದರು. ಭೌತಶಾಸ್ತ್ರ ಅವರ ಅಂಗೈಯಲ್ಲಿತ್ತು.

ಇನ್ನು ಒಳಗೆ ಗಾಳಿ ಸಾಲದಿರುವುದರ ಬದಲು ಒತ್ತಡ ಹೆಚ್ಚಾಗುವ ಪ್ರಸಂಗ. ಇದು ಬೇಸಗೆಯದು, ಹೆಚ್ಚು ಅಪಾಯದ್ದು. ನಂಜನಗೂಡಿನ ದೊಡ್ಡ ಜಾತ್ರೆ ಬರುವುದೇ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ. ಗೌತಮ ರಥದ ಹಗ್ಗ ಹಿಡಿಯಲು ಬಂದವರ ಗಾಡಿಗಳು ಬಯಲಲ್ಲಿ ಸುಡುತ್ತ ನಿಂತಿರುತ್ತವೆ. ಊರಿಗೆ ಬರುವ ಮುಂಚೆ ಬಂಕಿನಲ್ಲಿ ‘ಫುಲ್ ಮಾಡಪ್ಪ’ ಎಂದು ಕಂಠಪೂರ್ತಿ ತುಂಬಿಸಿಕೊಂಡಿರುತ್ತಾರೆ. ಕೆಲವರು ಗಾಡಿಯನ್ನು ಅಲ್ಲಾಡಿಸಿ ಇನ್ನರ್ಧ ಲೀಟರ್ ಹಿಡಿಸುತ್ತಾರೆ. ಬಂಕಿನ ಪೆಟ್ರೋಲು ನೆಲದಡಿಯ ಟ್ಯಾಂಕಿನಿಂದ ತಂಪಾಗಿ ಬಂದದ್ದು. 40 ಲೀಟರ್ ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಆ ಮುಕ್ಕಾಲು ಲೀಟರಿಗೆ ಜಾಗವೆಲ್ಲಿ? ಟ್ಯಾಂಕಿನ ಕತ್ತಿನ ಕೆಳಗೆ ಒಂದಿಷ್ಟು ಖಾಲಿ ಬಿಡಬೇಕೆನ್ನುವುದು ಇದಕ್ಕೇ.

ಅದಕ್ಕಿಂತ ದೊಡ್ಡದು ಆವಿಯ ಮಾತು. ಪೆಟ್ರೋಲಿನ ಆವಿಯ ಒತ್ತಡ ಶಾಖದೊಂದಿಗೆ ಬೇಗ ಬೇಗ ಏರುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ ಪೂರಾ ಬಿಗಿಯಾಗಿ ಮುಚ್ಚಿದ ಟ್ಯಾಂಕು ಮಧ್ಯಾಹ್ನ 45ಕ್ಕೆ ಬಂದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗೆ ಹತ್ತಿರ ಹೋದೀತು. ಮೇಲೆ ಹೇಳಿದ ಅಳತೆಯ ನೆತ್ತಿಯ ಮೇಲೆ ಸಾವಿರ ಕಿಲೋ ಮೀರಿದ ನೂಕು. ವಾಸ್ತವದಲ್ಲಿ ಅಷ್ಟಾಗುವ ಮೊದಲೇ ಎಲ್ಲಿಂದಲೋ ಸೋರುತ್ತದೆ. ಎಲ್ಲಿಂದ ಎಂಬುದೇ ಭಯದ ವಿಷಯ. ಎಂಜಿನ್ ಆಫ್ ಆಗಿ ನಿಂತ ಗಾಡಿಯಲ್ಲೂ ಟ್ಯಾಂಕಿನ ಒತ್ತಡ ಪೆಟ್ರೋಲನ್ನು ಪೈಪಿನೊಳಗೆ ತಳ್ಳಿ, ಪಂಪಿನ ವಾಲ್ವುಗಳನ್ನು ದಾಟಿಸಿ, ಕಾರ್ಬೊರೇಟರಿನ ಫ್ಲೋಟ್ ಸೂಜಿಯನ್ನು ಸರಿಸಿ ಓವರ್‌ಫ್ಲೋ ಮಾಡಿಸುತ್ತದೆ. ಕೆಳಗೆ ಕಾದ ಮ್ಯಾನಿಫೋಲ್ಡು. ನಿಂತ ಕಾರಿಗೆ ತನ್ನಷ್ಟಕ್ಕೆ ಬೆಂಕಿ ಹತ್ತಿತು ಎಂಬ ಸುದ್ದಿ ಓದಿದಾಗೆಲ್ಲ ಎಲ್ಲರೂ ವೈರಿಂಗನ್ನು ದೂರುತ್ತಾರೆ. ಹಳೆಯ ಗಾಡಿಯಾದರೆ ಮುಚ್ಚಳವನ್ನೂ ವಿಚಾರಿಸಬೇಕು. ಬಿಸಿಲಲ್ಲಿ ನಿಂತ ಗಾಡಿಯ ಮುಚ್ಚಳವನ್ನು ಒಮ್ಮೆಲೇ ಕಿತ್ತು ತೆಗೆಯಬೇಡಿ. ಕಾಲು ಸುತ್ತು ತಿರುಗಿಸಿ, ಮುಖ ಆಚೆಗಿಟ್ಟು, ಆವಿ ಹೋಗಲು ಬಿಟ್ಟು ಆಮೇಲೆ ತೆಗೆಯಿರಿ. ಹತ್ತಿರದಲ್ಲಿ ಬೀಡಿ ಬೇಡ, ಕರ್ಪೂರವೂ ಬೇಡ. ಹೊಸ ಗಾಡಿಗೆ ಪೂಜೆ ಮಾಡಿಸುವ ಜಾಗದಲ್ಲೇ ಹಳೆಯ ಗಾಡಿಗಳೂ ನಿಂತಿರುತ್ತವೆ ಎಂದು ಇದನ್ನು ಹೇಳುತ್ತಿದ್ದೇನೆ.

ನಂಜನಗೂಡಿನ ಡ್ರೈವರುಗಳಿಗೆ ಊಟಿ ಘಾಟಿ ಕಲಿಸಿದಷ್ಟು ಪಾಠವನ್ನು ಯಾವ ಪುಸ್ತಕವೂ ಕಲಿಸಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240 ಮೀಟರ್. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಪೆಟ್ರೋಲು ಬೇಗ ಕುದಿಯುತ್ತದೆ. ಘಾಟಿಯಲ್ಲಿ ಎಂಜಿನ್ನೋ ಕೆಂಡ. ಎ.ಸಿ. ಪಂಪಿನೊಳಗೆ ಪೆಟ್ರೋಲು ಆವಿಯಾಗಿ, ಡಯಾಫ್ರಾಮು ಆವಿಯನ್ನೇ ಹಿಂಡುತ್ತ ಕೂರುತ್ತದೆ. ಇದಕ್ಕೆ ನಮ್ಮವರು ಹೇಳುವುದು ಏರ್‌ಲಾಕು. ಪಂಪಿನ ಮೇಲೆ ಒದ್ದೆಬಟ್ಟೆ ಸುತ್ತಿ, ಚೊಂಬಿನಲ್ಲಿ ನೀರು ಹನಿಸುತ್ತ ಕಾಯುತ್ತಿದ್ದ ಸಂಸಾರಗಳನ್ನು ಕಲ್ಲಟ್ಟಿಯ ತಿರುವುಗಳಲ್ಲಿ ಎಷ್ಟೋ ಕಂಡಿದ್ದೇನೆ. ಮುಚ್ಚಳ ಕಟ್ಟಿಕೊಂಡಿದ್ದರೆ ಈ ಕಾಟ ಇಮ್ಮಡಿ: ಟ್ಯಾಂಕಿನ ನಿರ್ವಾತ ಪೈಪಿನ ಒತ್ತಡವನ್ನು ಇನ್ನೂ ಇಳಿಸಿ ಕುದಿತವನ್ನು ಇನ್ನೂ ಬೇಗ ತರುತ್ತದೆ. ಒದ್ದೆಬಟ್ಟೆಯ ಜೊತೆಗೆ ಮುಚ್ಚಳವನ್ನೊಮ್ಮೆ ಸಡಿಲಿಸಿದವರು ಬೇಗ ಹೊರಟರು. ಇಳಿಯುವಾಗಿನ ಚಮತ್ಕಾರ ಇನ್ನೊಂದು. ಊಟಿಯ ಚಳಿಯಲ್ಲಿ ರಾತ್ರಿ ಬಿಗಿಯಾಗಿ ಮುಚ್ಚಿದ ಟ್ಯಾಂಕಿನೊಳಗೆ ಇರುವುದು ಬೆಟ್ಟದ ತೆಳು ಗಾಳಿ. ಕೆಳಗಿಳಿದಂತೆ ಹೊರಗಿನ ಒತ್ತಡ ಏರುತ್ತದೆ, ಒಳಗಿನದು ಅಷ್ಟು ಬೇಗ ಏರುವುದಿಲ್ಲ. ಇಳಿಜಾರಿನಲ್ಲಿ ಯಾವ ಭಾರವೂ ಇಲ್ಲದ ಎಂಜಿನ್ ಸೊರಗಿ ನಿಂತರೆ ಯಾರಿಗೆ ತಾನೇ ಅರ್ಥವಾದೀತು?

ಅದೇ ರಸ್ತೆ ಅರಮನೆಯ ಕಾರುಗಳದೂ ಹೌದು. ಮೈಸೂರು ಅರಸರಿಗೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆ ಇತ್ತು, ಬಂಡೀಪುರ ಅವರ ಬೇಟೆಯ ಕಾಡು. ನಾಲ್ವಡಿ ಕೃಷ್ಣರಾಜ ಒಡೆಯರ ರೋಲ್ಸ್ ರಾಯ್ಸ್‌ಗಳ ಮಾತು ಲೋಕಕ್ಕೇ ಗೊತ್ತು. ಆ ಕಾಲದ ಕಾರುಗಳಲ್ಲಿ ನಮ್ಮ ಮೇಸ್ತ್ರಿಯ ನ್ಯಾಯ ತಲೆಕೆಳಗಾಗಿತ್ತು. ಸಿಲ್ವರ್ ಘೋಸ್ಟ್ ಮಾದರಿಯಲ್ಲಿ ಟ್ಯಾಂಕು ಹಿಂದೆ, ತಗ್ಗಿನಲ್ಲಿ. ಎಂಜಿನ್ ಮುಂದೆ, ಎತ್ತರದಲ್ಲಿ. ಪೆಟ್ರೋಲನ್ನು ಮುಂದಕ್ಕೆ ಕಳಿಸಲು ಟ್ಯಾಂಕಿನೊಳಗೆ ಬೇಕೆಂದೇ ಗಾಳಿ ತುಂಬಿ ಒತ್ತಡ ಕೊಡುತ್ತಿದ್ದರು. ಹೊರಡುವ ಮುಂಚೆ ಡ್ರೈವರು ಕೈಪಂಪು ಹೊಡೆಯಬೇಕು, ಆಮೇಲೆ ಎಂಜಿನ್ನೇ ನಡೆಸುವ ಪುಟ್ಟ ಪಂಪು ಆ ಕೆಲಸ ನೋಡಿಕೊಳ್ಳುತ್ತದೆ. ಬೇಕಾದ ಒತ್ತಡ ಚದರ ಇಂಚಿಗೆ ಒಂದೆರಡು ಪೌಂಡು ಮಾತ್ರ. ಆದರೆ ಮುಚ್ಚಳ ಕೊಂಚ ಸೋರಿದರೂ ಕಾರು ನಿಂತಿತು. ಫೋರ್ಡಿನ ಮಾಡೆಲ್ ಟಿ ಇನ್ನೊಂದು ದಾರಿ ಹಿಡಿಯಿತು. ಸೀಟಿನ ಕೆಳಗೆ ಟ್ಯಾಂಕು, ಪಂಪಿಲ್ಲ, ಯೆಜ್ದಿಯಂತೆಯೇ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಪೆಟ್ರೋಲು ಮುಂದಕ್ಕೆ ಹರಿಯದೆ, ಜನ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಬೆಟ್ಟ ಹತ್ತುತ್ತಿದ್ದರು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರ್ ಮ್ಯೂಸಿಯಮ್ಮಿಗೆ ಹೋಗುವವರು ಹೊಳೆಯುವ ಬಾನೆಟ್ಟುಗಳನ್ನು ನೋಡಿ ಮುಗಿಸಿದ ಮೇಲೆ ಇನ್ನೊಂದು ಸುತ್ತು ಹಾಕಿ, ಪ್ರತಿ ಕಾರಿನ ಟ್ಯಾಂಕು ಎಲ್ಲಿದೆ, ಪೆಟ್ರೋಲು ಎಂಜಿನ್ನಿಗೆ ಹೇಗೆ ಹೋಗುತ್ತಿತ್ತು ಎಂದು ವಿಚಾರಿಸಬೇಕು. ಮೋಟಾರಿನ ಅರ್ಧ ಚರಿತ್ರೆ ಅದರಲ್ಲೇ ಇದೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ದನ್ನು ಹಿರಿಯರು ಹೇಳುತ್ತಿದ್ದರು. ಇದ್ದಿಲು ಆಮೇಲೆ ಬೇರೆ ವೇಷದಲ್ಲಿ ಕಾರಿಗೆ ಮರಳಿ ಬಂತು. ಮುಚ್ಚಳದ ತೂತಿನಿಂದ ಹೊರಗೆ ಹೋಗುವ ಆವಿ ಊರಿನ ಗಾಳಿಯನ್ನು ಕೆಡಿಸುತ್ತದೆ ಎಂದು ಕಂಡುಕೊಂಡ ಕ್ಯಾಲಿಫೋರ್ನಿಯಾದವರು 1970ರ ಮಾದರಿಯ ಕಾರುಗಳಿಂದಲೇ ಅದಕ್ಕೆ ತಡೆ ಹಾಕಿದರು. ಅಂದಿನಿಂದ ಟ್ಯಾಂಕಿನ ಆವಿ ಒಂದು ಇದ್ದಿಲ ಡಬ್ಬಿಗೆ ಹೋಗುತ್ತದೆ. ಇದ್ದಿಲು ಆವಿಯನ್ನು ಹೀರಿ ಹಿಡಿದಿಡುತ್ತದೆ, ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಇಂದಿನ ಕಾರಿನ ಮುಚ್ಚಳ ಬಿಗಿಯಾಗಿರುವುದು ಈ ಕಾರಣಕ್ಕೆ. ಅನಾಹುತವೂ ಇಲ್ಲೇ ಹುಟ್ಟುತ್ತದೆ. ಹೊಸ ಕಾರಿನ ಮುಚ್ಚಳ ಅಳತೆಗೆ ಸರಿಹೊಂದಿತು ಎಂದು ಅದನ್ನು ಹಳೆಯ ಗಾಡಿಗೆ ಹಾಕಿಬಿಡುತ್ತಾರೆ. ಪೆಟ್ರೋಲ್ ಕಳ್ಳರ ಕಾಟಕ್ಕೆ ಬೀಗದ ಮುಚ್ಚಳ ತರುತ್ತಾರೆ. ಅದಕ್ಕೆ ತೂತು ಇದೆಯೋ ಇಲ್ಲವೋ ಕೇಳುವವರಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವಾಷರು ಸವೆದು ಪೆಟ್ರೋಲು ತುಳುಕುತ್ತದೆ ಎಂದು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರಿನ ತುಂಡು ಇಟ್ಟು ತಿರುಗಿಸುತ್ತಾರೆ. ಆ ತುಂಡು ಮುಚ್ಚಿದ ತೂತುಗಳಷ್ಟನ್ನು ಧೂಳೂ ಮುಚ್ಚಿರಲಾರದು.

ಈಗಿನ ಪೆಟ್ರೋಲಿನದು ಇನ್ನೊಂದು ಅಧ್ಯಾಯ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ದೇಶಕ್ಕೆ ಬಿಡುಗಡೆ ಮಾಡಿದರು. ಎಥನಾಲ್ ನಮಗೆ ಹೊರಗಿನದೇನಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲೇ ಸಕ್ಕರೆ ಕಾರ್ಖಾನೆ ಇದೆ. ಈ ಸೀಮೆಯ ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಹೋಗುವ ಅಂಬಾಸಡರು ತನ್ನ ನಾಳೆಯ ಊಟದ ಹಿಂದೆಯೇ ಹೋಗುತ್ತಿರಬಹುದು. ರೈತನಿಗೆ ಕಾಸು ಬರುವುದಾದರೆ ಸಂತೋಷವೇ. ಆದರೆ ಹಳೆಯ ಗಾಡಿಯವರು ಎರಡು ಸಂಗತಿ ತಿಳಿದಿರಬೇಕು. ಎಥನಾಲ್ ತಾನಾಗಿ ಅಷ್ಟು ಬೇಗ ಆವಿಯಾಗದು, ಪೆಟ್ರೋಲಿಗೆ ಬೆರೆತಾಗ ಮಾತ್ರ ಮಿಶ್ರಣದ ಆವಿಯ ಒತ್ತಡವನ್ನು ಏರಿಸುತ್ತದೆ. ಎರಡನೆಯದು, ಅದಕ್ಕೆ ನೀರಿನ ಮೇಲೆ ಬಲು ಮೋಹ. ತೂತಿನ ಮುಚ್ಚಳದ ಟ್ಯಾಂಕು ಹಗಲು ಬಿಸಿಗೆ ಹಿಗ್ಗಿ ಗಾಳಿ ಬಿಡುತ್ತದೆ, ರಾತ್ರಿ ತಣ್ಣಗಾಗಿ ಎಳೆದುಕೊಳ್ಳುತ್ತದೆ. ಹೊಳೆಯ ಮಗ್ಗುಲ ಊರುಗಳಲ್ಲಿ ಆ ಗಾಳಿಯ ಜೊತೆ ತೇವವೂ ಬರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿನ ಒಳನೆತ್ತಿ ತುಕ್ಕು ಹಿಡಿಯುವುದು ಹೀಗೆ. ತುಕ್ಕಿನ ಪುಡಿ ಜಾಲರಿಯಲ್ಲಿ ಕೂತರೆ ಮತ್ತೆ ಜರ್ಕು, ಮತ್ತೆ ಪ್ಲಗ್ಗು ಉಜ್ಜುವ ಕೆಲಸ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮುಗಳನ್ನು ಎಥನಾಲ್ ಮೆತ್ತಗೆ ಮಾಡುವುದರಿಂದ, ಅದಕ್ಕೆ ತಾಳುವ ಹೊಸ ಪೈಪು ಹಾಕಿಸದೆ ಈ ಪೆಟ್ರೋಲಿನಲ್ಲಿ ದೂರ ಹೊರಡಬಾರದು. ಮೆತ್ತಗಾದ ಪೈಪಿಗೆ ಬಿಸಿಲಿನ ಒತ್ತಡ ಸೇರಿದರೆ ಸೋರುವುದು ಖಂಡಿತ.

ಈ ಪೆಟ್ರೋಲಿಗಾಗಿ ಬಂಕಿನಲ್ಲಿ ಕಾಯುವಾಗ ಒಂದಿಷ್ಟು ಮೇಲೆ ನೋಡಿ. ಕಾಂಪೌಂಡಿನ ಅಂಚಿನಲ್ಲಿ ಆಳೆತ್ತರ ಮೀರಿದ ಸಣ್ಣ ಕಬ್ಬಿಣದ ಕೊಳವೆಗಳು ಸಾಲಾಗಿ ನಿಂತಿರುತ್ತವೆ, ತುದಿಗೆ ಜಾಲರಿಯ ಟೋಪಿ. ನೆಲದಡಿಯ ದೊಡ್ಡ ಟ್ಯಾಂಕುಗಳೂ ಉಸಿರಾಡುವುದು ಅವುಗಳಲ್ಲೇ. ಸಾವಿರಾರು ಲೀಟರಿನ ಟ್ಯಾಂಕಿಗೆ ಸರ್ಕಾರ ಕಾಯಿದೆ ಮಾಡಿ ಹಾಕಿಸಿರುವುದನ್ನು ನಮ್ಮ ನಲವತ್ತು ಲೀಟರಿನ ಟ್ಯಾಂಕಿಗೆ ನಾವೇ ನೋಡಿಕೊಳ್ಳಬೇಕು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಮುಚ್ಚಳ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ. ಬಾಯಿ ಹಚ್ಚಿ ಊದಬೇಡಿ. ಸೈಕಲ್ ಪಂಪಿನ ಟ್ಯೂಬನ್ನು ತೂತಿಗೆ ಹಿಡಿದು ನಿಧಾನವಾಗಿ ಒತ್ತಿ. ಗಾಳಿ ಆಚೆ ಹೊರಡಬೇಕು. ಕೆಲವು ಮುಚ್ಚಳಗಳೊಳಗೆ ಸ್ಪ್ರಿಂಗಿನ ಪುಟ್ಟ ವಾಲ್ವುಗಳಿರುತ್ತವೆ, ಒಂದು ಗಾಳಿಯನ್ನು ಒಳಕ್ಕೆ ಬಿಡಲು, ಇನ್ನೊಂದು ಹೆಚ್ಚಾದ ಒತ್ತಡವನ್ನು ಹೊರಕ್ಕೆ ಬಿಡಲು. ಅವು ಅಂಟಿಕೊಂಡಿದ್ದರೆ ಬೆರಳಲ್ಲಿ ಒತ್ತಿದಾಗ ಕದಲುವುದಿಲ್ಲ. ವಾಷರು ಹೊಸದಾಗಿರಲಿ, ಪ್ಲಾಸ್ಟಿಕ್ ತುಂಡು ಬೇಡ. ಮುಚ್ಚಳಕ್ಕೆ ಮೊಳೆ ಹೊಡೆದು ದೊಡ್ಡ ತೂತು ಮಾಡುವವರೂ ಇದ್ದಾರೆ. ಆಗ ಮುಂಗಾರಿನಲ್ಲಿ ನೀರು ಒಳಗೆ ಹೋಗುತ್ತದೆ, ಬೇಸಗೆಯಲ್ಲಿ ಪೆಟ್ರೋಲು ಹೊರಗೆ ಬರುತ್ತದೆ. ಕಾರ್ಖಾನೆಯವರು ಇಟ್ಟಷ್ಟೇ ತೂತು ಸಾಕು, ಅದು ತೆರೆದಿದ್ದರೆ. ಮುಚ್ಚಳದಲ್ಲಿ ತೂತೇ ಕಾಣದಿದ್ದರೆ ಗಾಬರಿಯಾಗಬೇಡಿ, ಟ್ಯಾಂಕಿನ ನೆತ್ತಿಯಿಂದ ಹೊರಟ ಕೊಳವೆ ಹುಡುಕಿ. ಅದು ಡಿಕ್ಕಿಯ ಒಳಗಿನಿಂದ ಗಾಡಿಯ ಅಡಿಗೆ ಇಳಿಯುತ್ತದೆ, ಅದರ ಬಾಯಲ್ಲಿ ಕೆಸರೋ ಕಣಜದ ಗೂಡೋ ಕೂತಿರುವುದುಂಟು.

ಹೊಸ ಮುಚ್ಚಳ ಕೊಳ್ಳುವವರು ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಅಂಗಡಿಯವರಿಗೆ ಗಾಡಿಯ ಹೆಸರು ಹೇಳಿದರೆ ಸಾಲದು. ತೂತಿರುವುದೂ ಇಲ್ಲದಿರುವುದೂ ಒಂದೇ ಗಾತ್ರದಲ್ಲಿ, ಒಂದೇ ಹೊಳಪಿನಲ್ಲಿ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ಅಂಗಡಿಯ ಕಟ್ಟೆಯ ಮೇಲೇ ಬೋರಲು ಹಾಕಿ, ಬೆಳಕಿಗೆ ಹಿಡಿದು ನೋಡಿ ಆರಿಸಿಕೊಳ್ಳಿ. ಮನೆಗೆ ಬಂದು ಹಾಕಿದ ಮೇಲೆ ಒಂದು ಸಲ ಟ್ಯಾಂಕು ತುಂಬಿಸಿ, ಕತ್ತಿನವರೆಗೆ ಬೇಡ, ಮೈಸೂರಿಗೆ ಹೋಗಿ ಬನ್ನಿ. ಬಂದ ಕೂಡಲೇ ಮುಚ್ಚಳ ಸಡಿಲಿಸಿ ಕಿವಿಗೊಡಿ. ಒಳಕ್ಕೆ ಎಳೆಯುವ ಸದ್ದು ಬಂದರೆ ಆ ಮುಚ್ಚಳ ಅಂಗಡಿಗೇ ಹಿಂದಿರುಗಲಿ.